ಲ್ಯಾಬ್‌ನ ಜೊತೆಗಾರರು ಕುಸಿಯುತ್ತಿದ್ದರೆ: ಯಾವುದು ಮೊದಲು, ಯಾವುದು ಆಮೇಲೆ

ಪಿಎಚ್‌ಡಿ ಮಾಡುತ್ತಿರುವವರೊಬ್ಬರು ಕೆಲವು ವಾರಗಳಿಂದ ಸರಿಯಿಲ್ಲ ಎಂಬುದು ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಾಗಿರುತ್ತದೆ. ಸಹಾಯ ಮಾಡುವ ಮನಸ್ಸೂ ಇರುತ್ತದೆ. ಆದರೂ ನೆರವು ಮುಟ್ಟುವುದಿಲ್ಲ. ಮೊದಲು ಬುದ್ಧಿಮಾತು, ಆಮೇಲೆ ಗೈಡ್ (ಸಂಶೋಧನಾ ಮಾರ್ಗದರ್ಶಕರ) ಕಿವಿಗೆ ಸುದ್ದಿ, ಕೊನೆಗೆ ‘ಊರಿಗೆ ಹೋಗಿ ಬಾ’ ಎಂಬ ಸಲಹೆ. ಊರಿಗೆ ಹೋದರೆ ಇನ್‌ಕ್ಯುಬೇಟರ್‌ನಲ್ಲಿರುವ ಜೀವಕೋಶಗಳನ್ನು ಯಾರು ನೋಡಿಕೊಳ್ಳಬೇಕು ಎಂದು ಮಾತ್ರ ಯಾರೂ ಕೇಳಿರುವುದಿಲ್ಲ. ಹೋದವರು ಎರಡೇ ದಿನಕ್ಕೆ ವಾಪಸ್ ಬರುತ್ತಾರೆ, ಮೊದಲಿಗಿಂತ ಹೆಚ್ಚು ದಣಿದು.

ಮನಸ್ಸಿನ ಆರೈಕೆ ಮತ್ತು ಬೆಂಚಿನ (ಪ್ರಯೋಗದ ಮೇಜಿನ) ಮೇಲಿನ ಕೆಲಸ, ಎರಡನ್ನೂ ಒಟ್ಟಿಗೆ ಹಿಡಿಯದಿದ್ದರೆ ವಿಜ್ಞಾನದ ವಿದ್ಯಾರ್ಥಿಗೆ ರಜೆಯೂ ರಜೆಯಾಗುವುದಿಲ್ಲ. ಈ ಬರಹ ಸಹಪಾಠಿಗಳು, ಪೋಸ್ಟ್‌ಡಾಕ್‌ಗಳು (ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುತ್ತಿರುವವರು), ಲ್ಯಾಬ್ ಮ್ಯಾನೇಜರ್‌ಗಳಿಗಾಗಿ. ಉದಾಹರಣೆಗಳು ಹೆಚ್ಚಾಗಿ ಜೀವವಿಜ್ಞಾನದವು, ಏಕೆಂದರೆ ನಿಲ್ಲಿಸಲು ಕಷ್ಟವಾದ ಕೆಲಸ ಅಲ್ಲೇ ಜಾಸ್ತಿ.

ಜೊತೆಗಾರರು ಈಗಾಗಲೇ ಸಾವಿನ ಮಾತಾಡಿದ್ದರೆ ಇದನ್ನು ಮೊದಲಿನಿಂದ ಓದುತ್ತ ಕೂರಬೇಡಿ. ನೇರವಾಗಿ 4ನೇ ಹಂತಕ್ಕೆ ಹೋಗಿ.

ಹಂತ 1: ಮಾತಾಡುವ ಮೊದಲೇ ಒಂದು ಹಾಳೆ ಸಿದ್ಧವಿರಲಿ

ಎದುರಿನವರು ‘ಸರಿ, ಯಾರನ್ನಾದರೂ ನೋಡ್ತೀನಿ’ ಎಂದ ಕ್ಷಣದಲ್ಲಿ ನೀವು ಮೊಬೈಲ್ ತೆಗೆದು ಹುಡುಕಲು ಶುರು ಮಾಡಿದರೆ ಆ ಒಪ್ಪಿಗೆ ಅಲ್ಲೇ ಆರಿಹೋಗುತ್ತದೆ. ಅರ್ಧ ಗಂಟೆ ಕೂತು ಈ ಮಾಹಿತಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ:

- ಟೆಲಿ ಮನಸ್: 14416 ಅಥವಾ 1800-891-4416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸೇವೆ, ದಿನದ 24 ಗಂಟೆಯೂ ಇರುತ್ತದೆ. ಭಾಷೆಯ ಆಯ್ಕೆಯಲ್ಲಿ ಕನ್ನಡವಿದೆ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ಜೋಡಿಸುತ್ತಾರೆ.
- ತುರ್ತಿಗೆ 112, ಆಂಬುಲೆನ್ಸ್‌ಗೆ 108.
- ನಿಮ್ಮ ಸಂಸ್ಥೆಯ ಆಪ್ತಸಮಾಲೋಚಕರ ಕೊಠಡಿ, ಸಮಯ, ಮತ್ತು ಸಿಗುವ ಅತಿ ಹತ್ತಿರದ ಅಪಾಯಿಂಟ್‌ಮೆಂಟ್. ಇದನ್ನು ಫೋನ್ ಮಾಡಿಯೇ ಕೇಳಿ. ವೆಬ್‌ಸೈಟ್‌ನಲ್ಲಿರುವ ಹೆಸರಿನವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುವುದುಂಟು.
- ಹತ್ತಿರದ ಮನೋವೈದ್ಯರು. ಬೆಂಗಳೂರಿನಲ್ಲಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್, ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್, ಬೇರೆಡೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ.

ಸಂಸ್ಥೆಯಲ್ಲಿ ಆಪ್ತಸಮಾಲೋಚಕರೇ ಇಲ್ಲವೆಂದರೆ ಸುಮ್ಮನಾಗಬೇಡಿ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರೊಬ್ಬರಾದರೂ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ವಿದ್ಯಾರ್ಥಿ ಸಂಘದ ಪತ್ರದಲ್ಲಿ ಈ ಸಾಲು ಇದ್ದರೆ ಆಡಳಿತ ಕಚೇರಿ ಬೇಗ ಉತ್ತರಿಸುತ್ತದೆ.

ಹಂತ 2: ಎರಡು ವಾರದ ಬದಲಾವಣೆ ಗಮನಿಸಿ, ಒಂದು ದಿನದ ಮುಖವನ್ನಲ್ಲ

ಪ್ರಯೋಗ ಕೈಕೊಟ್ಟ ದಿನ ಎಲ್ಲರ ಮುಖವೂ ಬಾಡಿರುತ್ತದೆ. ಪೇಪರ್ ವಾಪಸ್ ಬಂದ ವಾರ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಅದು ಕಾಯಿಲೆಯಲ್ಲ. ನೋಡಬೇಕಾದದ್ದು, ಎರಡು ವಾರ ಕಳೆದರೂ ವ್ಯಕ್ತಿ ತನ್ನ ಎಂದಿನ ರೀತಿಗೆ ಮರಳಿಲ್ಲವೇ ಎಂಬುದನ್ನು.

ಲ್ಯಾಬ್‌ನಲ್ಲಿ ಮುಖಕ್ಕಿಂತ ಬೆಂಚು ಬೇಗ ಸುಳಿವು ಕೊಡುತ್ತದೆ. ಸೆಲ್ ಕಲ್ಚರ್ ಫ್ಲಾಸ್ಕಿನ ಕೆಂಪು ಮೀಡಿಯಾ (ಜೀವಕೋಶಗಳಿಗೆ ಆಹಾರವಾದ ದ್ರವ) ಆಮ್ಲೀಯವಾಗಿ ಹಳದಿಗೆ ತಿರುಗಿರುತ್ತದೆ. ಎರಡು ಮೂರು ದಿನಕ್ಕೊಮ್ಮೆ ತಪ್ಪದೆ ಮೀಡಿಯಾ ಬದಲಿಸುತ್ತಿದ್ದವರು ಅದನ್ನು ನೋಡಿಯೂ ಬಾಗಿಲು ಮುಚ್ಚಿ ಹೋಗುತ್ತಾರೆ. ಲ್ಯಾಬ್ ನೋಟ್‌ಬುಕ್‌ನಲ್ಲಿ ತಾರೀಖು ಒಂದು ಕಡೆ ನಿಂತುಬಿಟ್ಟಿರುತ್ತದೆ. ಟ್ಯೂಬ್‌ಗಳ ಮೇಲೆ ಲೇಬಲ್ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಚಿಹ್ನೆಯೂ ಇದೆ: ರಾತ್ರಿ ಎರಡು ಗಂಟೆಗೆ ಬಂದು, ಯಾರೂ ಇಲ್ಲದಾಗ ಅದೇ ಪಿಸಿಆರ್ (ಡಿಎನ್‌ಎ ನಕಲು ಮಾಡುವ ಪ್ರಯೋಗ) ಅನ್ನು ಮತ್ತೆ ಮತ್ತೆ ಹಾಕುವುದು. ಇದನ್ನು ಶ್ರದ್ಧೆ ಎಂದು ಹೊಗಳುವ ಗೈಡ್‌ಗಳಿದ್ದಾರೆ. ಲ್ಯಾಬ್ ಮೀಟಿಂಗ್‌ನಲ್ಲಿ ಪ್ರಶ್ನೆ ಎದುರಿಸಲಾಗದವರೂ ಹೀಗೆಯೇ ಹಗಲು ತಪ್ಪಿಸುತ್ತಾರೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಜೊತೆಗೆ ಊಟ, ನಿದ್ದೆ, ಸ್ನಾನ, ಹಾಸ್ಟೆಲ್ ಕೋಣೆಯ ಸ್ಥಿತಿ, ಮನೆಯ ಫೋನ್ ಎತ್ತದಿರುವುದು, ಕುಡಿತ ಹೆಚ್ಚಾಗಿರುವುದು. ಇವುಗಳಲ್ಲಿ ಮೂರ್ನಾಲ್ಕು ಒಟ್ಟಿಗೆ ಕಂಡರೆ ಮಾತಾಡುವ ಹೊತ್ತು ಬಂದಿದೆ ಎಂದರ್ಥ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ನೀವೇ ಕಾಯಿಲೆಗೆ ಹೆಸರಿಡುವುದು. ‘ನಿನಗೆ ಡಿಪ್ರೆಷನ್ ಇದೆ’ ಅನ್ನಬೇಡಿ. ಥೈರಾಯ್ಡ್ ಕಡಿಮೆಯಾದರೂ, ಬಿ12 ಕೊರತೆಯಾದರೂ, ರಕ್ತಹೀನತೆ ಇದ್ದರೂ ಮನುಷ್ಯ ಹೀಗೇ ಮಂಕಾಗುತ್ತಾನೆ. ಅದನ್ನು ಬೇರ್ಪಡಿಸುವುದು ವೈದ್ಯರ ಕೆಲಸ.

ಹಂತ 3: ಮೊದಲ ಮಾತು

ಜಾಗ: ಲ್ಯಾಬ್ ಬೇಡ, ಗೈಡ್ ಕೋಣೆಯ ಹತ್ತಿರವಂತೂ ಬೇಡವೇ ಬೇಡ. ಕ್ಯಾಂಪಸ್‌ನಲ್ಲಿ ನಡೆಯುತ್ತ ಮಾತಾಡುವುದು ಒಳ್ಳೆಯದು, ಮುಖ ನೋಡಬೇಕಾದ ಮುಜುಗರವಿರುವುದಿಲ್ಲ. ಸಮಯ: ನಿಮಗೂ ಮುಂದಿನ ಒಂದು ಗಂಟೆ ಬಿಡುವಿರಬೇಕು. ಜೆಲ್ ಪ್ರಯೋಗ ಓಡುತ್ತಿದೆ ಎಂದು ನಡುವೆ ಎದ್ದು ಹೋಗುವಂತಿದ್ದರೆ ಆ ದಿನ ಶುರು ಮಾಡಬೇಡಿ.

‘ಹೇಗಿದ್ದೀಯಾ?’ ಎಂದರೆ ‘ಆರಾಮ್’ ಎಂಬ ಉತ್ತರ ಬಾಯಿಪಾಠವಾಗಿ ಬರುತ್ತದೆ. ಕಂಡದ್ದನ್ನು ಕಂಡಂತೆ ಹೇಳಿ: ‘ಎರಡು ವಾರದಿಂದ ಊಟಕ್ಕೆ ಬರ್ತಿಲ್ಲ. ಶುಕ್ರವಾರದ ಫ್ಲಾಸ್ಕ್ ಹಾಗೇ ಇತ್ತು. ನೀನು ಹಾಗೆ ಬಿಡೋನಲ್ಲ. ಏನಾಗ್ತಿದೆ?’ ಆಮೇಲೆ ಸುಮ್ಮನಿರಿ. ಮೌನ ಒಂದು ನಿಮಿಷ ಹಿಡಿದರೂ ಅದನ್ನು ತುಂಬಲು ಹೋಗಬೇಡಿ.

ಬಾಯಿಗೆ ಬಂದರೂ ಆಡಬಾರದ ಮಾತುಗಳಿವೆ. ‘ಎಲ್ಲರಿಗೂ ಹಾಗೇ ಆಗತ್ತೆ.’ ‘ಯೋಗ ಮಾಡು.’ ‘ನನ್ನ ಮೂರನೇ ವರ್ಷ ನೋಡ್ಬೇಕಿತ್ತು.’ ‘ಅಪ್ಪ ಅಮ್ಮನ ಬಗ್ಗೆ ಯೋಚನೆ ಮಾಡು.’ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಸಣ್ಣ ಊರಿನಿಂದ ಬಂದು, ಮನೆಯಲ್ಲಿ ಮೊದಲ ಬಾರಿಗೆ ಇಷ್ಟು ಓದಿದವರ ತಲೆಯಲ್ಲಿ ಹಗಲಿರುಳೂ ಓಡುತ್ತಿರುವುದು ಅದೇ ಯೋಚನೆ. ನೀವು ಅದರ ಮೇಲೆ ಇನ್ನೊಂದು ಕಲ್ಲು ಇಟ್ಟಂತಾಗುತ್ತದೆ.

‘ಯಾರಿಗೂ ಹೇಳಬೇಡ’ ಎಂದು ಕೇಳಿದರೆ ಪೂರ್ತಿ ಮಾತು ಕೊಡಬೇಡಿ. ‘ಲ್ಯಾಬ್‌ನಲ್ಲಿ ಯಾರಿಗೂ ಹೇಳಲ್ಲ, ಗೈಡ್‌ಗೂ ಹೇಳಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ಹೇಳ್ತೀನಿ’ ಎಂದು ಮೊದಲೇ ಸ್ಪಷ್ಟಪಡಿಸಿ. ಆಮೇಲೆ ಮಾತು ಮುರಿಯುವುದಕ್ಕಿಂತ ಇದು ಮೇಲು.

ಮೊದಲ ಸಲ ‘ಏನಿಲ್ಲ ಬಿಡು’ ಎಂದರೆ ಬಿಡಿ. ನಾಲ್ಕೈದು ದಿನ ಬಿಟ್ಟು ಮತ್ತೆ ಕೇಳಿ. ಮಾತು ಹೊರಬರುವುದು ಎಷ್ಟೋ ಸಲ ಎರಡನೇ ಬಾರಿ ಕೇಳಿದಾಗ.

ಹಂತ 4: ಸಾವಿನ ಬಗ್ಗೆ ನೇರವಾಗಿ ಕೇಳಿ

ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ. ಅದು ತಪ್ಪು. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಒಬ್ಬರಾದರೂ ಕೇಳಿದರಲ್ಲ ಎಂಬ ನಿರಾಳ ಸಿಗುತ್ತದೆ. ಸುತ್ತಿ ಬಳಸದೆ ಕೇಳಿ: ‘ಬದುಕೋದೇ ಬೇಡ, ಸಾಯಬೇಕು ಅಂತ ಅನ್ನಿಸ್ತಿದೆಯಾ?’ ‘ಅಂಥದ್ದೇನೂ ಇಲ್ಲ ತಾನೆ?’ ಎಂದು ಕೇಳಿದರೆ ‘ಇಲ್ಲ’ ಎಂಬುದೇ ಉತ್ತರ. ಪ್ರಶ್ನೆಯೊಳಗೇ ಉತ್ತರ ಇಟ್ಟಿರುತ್ತೀರಿ.

ಹೌದೆಂದರೆ ಇನ್ನೆರಡು ಪ್ರಶ್ನೆ: ಹೇಗೆಂದು ಯೋಚಿಸಿದ್ದೀರಾ? ಯಾವಾಗ ಎಂದು ಯೋಚಿಸಿದ್ದೀರಾ? ಯೋಚನೆ ಮಾತ್ರವಿದ್ದರೆ ಅದೇ ದಿನ 14416ಕ್ಕೆ ಜೊತೆಯಲ್ಲಿ ಕೂತು ಕರೆ ಮಾಡಿ, ಆದಷ್ಟು ಬೇಗ, ಮರುದಿನದೊಳಗೆ ಮನೋವೈದ್ಯರನ್ನು ಕಾಣಿಸಿ. ವಿಧಾನವೋ ಸಮಯವೋ ಮನಸ್ಸಿನಲ್ಲಿದ್ದರೆ ಅದು ತುರ್ತು ಪರಿಸ್ಥಿತಿ:

1. ಒಬ್ಬರನ್ನೇ ಬಿಡಬೇಡಿ. ಹಾಸ್ಟೆಲ್ ಕೋಣೆಗೂ ಒಬ್ಬರನ್ನೇ ಕಳಿಸಬೇಡಿ.
2. ಇನ್ನೊಬ್ಬರನ್ನು ಕರೆಸಿಕೊಳ್ಳಿ. ಒಬ್ಬರು ಜೊತೆಗಿರಲಿ, ಇನ್ನೊಬ್ಬರು ಫೋನ್, ಗಾಡಿ, ವಾರ್ಡನ್ ನೋಡಿಕೊಳ್ಳಲಿ.
3. 24 ಗಂಟೆ ತುರ್ತು ವಿಭಾಗವಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿ.
4. ಲ್ಯಾಬ್ ಹೊಣೆ ಹೊತ್ತವರಿಗೆ ಹೇಳಿ ಆ ವ್ಯಕ್ತಿಯ ರಾತ್ರಿ ಪ್ರವೇಶ ಮತ್ತು ಸ್ಟೋರ್ ಕೀಲಿಯನ್ನು ಸದ್ಯಕ್ಕೆ ತಡೆಹಿಡಿಸಿ. ಕಾರಣದ ವಿವರ ಬೇಡ, ‘ಸುರಕ್ಷತೆಯ ವಿಷಯ’ ಎಂದರೆ ಸಾಕು.
5. ಮನೆಯವರಲ್ಲಿ ಯಾರಿಗೆ ಹೇಳಬೇಕೆಂದು ಅವರನ್ನೇ ಕೇಳಿ. ಅಪ್ಪನಿಗಿಂತ ಅಕ್ಕನಿಗೋ ಮಾವನಿಗೋ ಹೇಳುವುದು ಮೇಲು ಎಂದು ಅವರಿಗೇ ಗೊತ್ತಿರುತ್ತದೆ.

‘ಪೊಲೀಸ್ ಕೇಸ್ ಆಗುತ್ತದೆ’ ಎಂದು ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸುವಂತಿಲ್ಲ. ಅವರ ಆರೈಕೆ ಸರ್ಕಾರದ ಹೊಣೆ.

ಒಂದು ಚಿಹ್ನೆ ಜನರನ್ನು ಮೋಸ ಮಾಡುತ್ತದೆ. ವಾರಗಟ್ಟಲೆ ನರಳಿದವರು ಇದ್ದಕ್ಕಿದ್ದಂತೆ ಶಾಂತರಾಗಿ, ಬೆಂಚು ಖಾಲಿ ಮಾಡಿ, ಸ್ಯಾಂಪಲ್‌ಗಳನ್ನು ಹಂಚಿ, ಡೇಟಾವನ್ನೆಲ್ಲ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿದರೆ ‘ಸುಧಾರಿಸಿದರು’ ಎಂದುಕೊಳ್ಳಬೇಡಿ. ಅವತ್ತೇ ಹೋಗಿ ಮೇಲಿನ ಪ್ರಶ್ನೆ ಕೇಳಿ.

ಹಂತ 5: ತಜ್ಞರ ಬಾಗಿಲ ತನಕ

ನಂಬರ್ ಕಳಿಸಿ ‘ಮಾಡು’ ಎನ್ನುವುದು ಸಾಲದು. ಖಿನ್ನತೆಯಲ್ಲಿರುವವರಿಗೆ ಒಂದು ಫೋನ್ ಮಾಡುವುದೂ ಬೆಟ್ಟ ಹತ್ತಿದಷ್ಟು. ಪಕ್ಕದಲ್ಲಿ ಕೂತು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಮೊದಲ ದಿನ ಹೊರಗಿನ ಬೆಂಚಿನ ತನಕ ಜೊತೆಗೆ ಹೋಗಿ. ಅವರು ಕೇಳದೆ ಒಳಗೆ ಹೋಗಬೇಡಿ.

ಯಾರ ಬಳಿ ಹೋಗಬೇಕು ಎಂಬ ಗೊಂದಲ ಸಾಮಾನ್ಯ. ಆಪ್ತಸಮಾಲೋಚಕರು ಮಾತಿನ ಮೂಲಕ ನೆರವಾಗುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡಿ ಮನೋಚಿಕಿತ್ಸೆ ಕೊಡುತ್ತಾರೆ, ಇವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುವವರು. ನಿದ್ದೆ, ಊಟ ಪೂರ್ತಿ ಕೆಟ್ಟಿದ್ದರೆ, ಸಾವಿನ ಯೋಚನೆಯಿದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ ಮೊದಲೇ ಮನೋವೈದ್ಯರ ಬಳಿಗೆ ಹೋಗುವುದು ಸರಿ.

ವಿಜ್ಞಾನದವರಿಗೆ ಸಂಖ್ಯೆ ಬೇಕು. ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆಗಳಿವೆ, ಪ್ರತಿಯೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಹೆಚ್ಚು ಬಂದರೆ ತಜ್ಞರನ್ನು ಕಾಣಬೇಕು. ಆತಂಕಕ್ಕೆ ಜಿಎಡಿ-7 ಇದೆ, 21ರಲ್ಲಿ ಅಲ್ಲಿಯೂ ಗೆರೆ 10. ಪಿಎಚ್‌ಕ್ಯೂವಿನ 9ನೇ ಪ್ರಶ್ನೆ ಸಾವಿನ ಯೋಚನೆಯದು. ಒಟ್ಟು ಅಂಕ ಎಷ್ಟೇ ಕಡಿಮೆಯಿದ್ದರೂ ಅದಕ್ಕೆ 0 ಬಿಟ್ಟು ಬೇರೇನು ಬಂದರೂ 4ನೇ ಹಂತಕ್ಕೆ ಹೋಗಬೇಕು. ಇವು ಜರಡಿ ಹಿಡಿಯುವ ಸಾಧನಗಳು, ರೋಗನಿರ್ಣಯವಲ್ಲ. ದಿನಕ್ಕೊಮ್ಮೆ ತುಂಬಿ ಗ್ರಾಫ್ ಹಾಕಿಕೊಳ್ಳುವ ಚಾಳಿ ಇದ್ದರೆ ಬಿಡಿಸಿ.

ಔಷಧ ಬರೆದರೆ ಗೊತ್ತಿರಬೇಕಾದದ್ದು: ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ, ಪೂರ್ತಿ ಪರಿಣಾಮಕ್ಕೆ ಇನ್ನೂ ಹೆಚ್ಚು ಬೇಕು. ಹೊಟ್ಟೆ ತೊಳಸುವುದು, ತಲೆನೋವು ಮೊದಲ ವಾರವೇ ಬರಬಹುದು. ಅಂದರೆ ಅಡ್ಡಪರಿಣಾಮ ಮೊದಲು, ಗುಣ ಆಮೇಲೆ. ‘ಕೆಲಸ ಮಾಡ್ತಿಲ್ಲ’ ಎಂದು ಹತ್ತನೇ ದಿನಕ್ಕೆ ಬಿಟ್ಟುಬಿಡುವುದು ಇದಕ್ಕೇ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಆಗ ಕಣ್ಣಿಡಿ. ಚಡಪಡಿಕೆ ಜಾಸ್ತಿಯಾದರೆ ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು.

ಹಂತ 6: ಗೈಡ್‌ಗೆ ಏನು ಹೇಳಬೇಕು

ಇದು ಐದನೆಯದಾದ ಮೇಲೆಯೇ ಬರಬೇಕು. ವೈದ್ಯರ ಪ್ರಮಾಣಪತ್ರ ಕೈಯಲ್ಲಿದ್ದಾಗ ಅದು ಆರೋಗ್ಯದ ರಜೆ, ಇಲ್ಲದಿದ್ದಾಗ ‘ಇವನಿಗೆ ಆಸಕ್ತಿ ಇಲ್ಲ’ ಎಂಬ ಅಭಿಪ್ರಾಯ.

ಹೇಳಬೇಕಾದವರು ಆ ಜೊತೆಗಾರರೇ, ನೀವಲ್ಲ. ಬರೆಯಲು ನೆರವಾಗಿ. ಇಷ್ಟು ಸಾಕು: ‘ಆರೋಗ್ಯದ ಕಾರಣಕ್ಕೆ ಮೂರು ವಾರ ರಜೆ ಬೇಕಾಗಿದೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದ್ದೇನೆ. ನಡೆಯುತ್ತಿರುವ ಪ್ರಯೋಗಗಳನ್ನು ನಿಲ್ಲಿಸುವ ಮತ್ತು ಹಸ್ತಾಂತರಿಸುವ ಪಟ್ಟಿ ಕೆಳಗಿದೆ.’ ಕಾಯಿಲೆಯ ಹೆಸರು ಬರೆಯುವ ಬಾಧ್ಯತೆಯಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕೊಡುತ್ತದೆ.

ಫೆಲೋಶಿಪ್ ವಿಭಾಗದಲ್ಲಿ ರಜೆಗೆ ಮೊದಲೇ ಲಿಖಿತವಾಗಿ ಕೇಳಿ: ವೈದ್ಯಕೀಯ ರಜೆಯಲ್ಲಿ ಹಣ ನಿಲ್ಲುತ್ತದೆಯೇ? ಹಣ ಕೊಡುವ ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆ. ತಿಂಗಳ ಫೆಲೋಶಿಪ್‌ನಲ್ಲೇ ಮನೆಗೂ ಕಳಿಸುವವರಿಗೆ ಈ ಉತ್ತರ ಸಿಗದೆ ನಿದ್ದೆ ಬರುವುದಿಲ್ಲ.

ಗಡುವು ಮೀರುತ್ತದೆ ಎಂಬ ಆತಂಕಕ್ಕೂ ಲೆಕ್ಕವಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮಾವಳಿಯಲ್ಲಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6. ಮರುನೋಂದಣಿಯಿಂದ ಇನ್ನೂ 2 ವರ್ಷದವರೆಗೆ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ 2 ವರ್ಷದ ಸಡಿಲಿಕೆ ಇದೆ. ಮೂರು ವಾರದಿಂದ ಡಿಗ್ರಿ ಹೋಗುವುದಿಲ್ಲ ಎಂಬುದನ್ನು ಬಾಯಿಮಾತಲ್ಲಿ ಹೇಳುವ ಬದಲು ಈ ಲೆಕ್ಕವನ್ನು ಅವರ ನೋಂದಣಿ ತಾರೀಖಿನ ಜೊತೆ ಕಾಗದದ ಮೇಲೆ ಹಾಕಿ ತೋರಿಸಿ.

ಹಂತ 7: ಪ್ರಯೋಗಗಳನ್ನು ಸರಿಯಾಗಿ ಮಲಗಿಸುವುದು

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಎರಡು ದಿನದ ಕೆಲಸ, ಇಬ್ಬರು ಸೇರಿ ಮಾಡಿ. ಆದರೆ 4ನೇ ಹಂತದ ತುರ್ತಿದ್ದರೆ ಅವರನ್ನು ಇದರಲ್ಲಿ ಸೇರಿಸಬೇಡಿ, ಜೊತೆಯವರೇ ಮಾಡಿ. ಎರಡು ಫ್ಲಾಸ್ಕ್ ಹಾಳಾದರೂ ಚಿಂತೆಯಿಲ್ಲ.

ಜೀವಕೋಶಗಳು. ಚೆನ್ನಾಗಿ ಬೆಳೆಯುತ್ತಿರುವಾಗಲೇ ಫ್ರೀಜ್ ಮಾಡಿ. ಶೇ. 10 ಡಿಎಂಎಸ್‌ಒ (ಹಿಮಗಟ್ಟುವಾಗ ಕೋಶಗಳನ್ನು ಕಾಪಾಡುವ ರಾಸಾಯನಿಕ) ಇರುವ ಫ್ರೀಜಿಂಗ್ ಮೀಡಿಯಾದಲ್ಲಿ, ವಯಲ್‌ಗೆ (ಸಣ್ಣ ಶೀಶೆಗೆ) ಸುಮಾರು 10 ಲಕ್ಷ ಕೋಶ. ನಿಮಿಷಕ್ಕೆ 1 ಡಿಗ್ರಿಯಂತೆ ತಣಿಯುವ ಡಬ್ಬಿಯಲ್ಲಿಟ್ಟು -80 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ರಾತ್ರಿ, ಮರುದಿನ ದ್ರವ ಸಾರಜನಕಕ್ಕೆ. ಒಂದು ವಯಲ್ ಕರಗಿಸಿ ಕೋಶಗಳು ಬದುಕಿವೆಯೇ ನೋಡುವ ತನಕ ಮೂಲ ಫ್ಲಾಸ್ಕ್ ಎಸೆಯಬೇಡಿ. ಹಳದಿಯಾದ, ಸೊರಗಿದ ಕೋಶಗಳನ್ನು ಫ್ರೀಜ್ ಮಾಡಿದರೆ ಮರಳಿ ಬಂದಾಗ ಮೊದಲ ಕೆಲಸವೇ ಕೈಕೊಡುತ್ತದೆ.

ಬ್ಯಾಕ್ಟೀರಿಯಾ. ಶೇ. 20ರಷ್ಟು ಗ್ಲಿಸರಾಲ್ ಹಾಕಿ -80ಕ್ಕೆ. ಪ್ಲೇಟ್‌ಗಳನ್ನು ನಂಬಿ ಕೂರಬೇಡಿ.

ಹಣ್ಣಿನ ನೊಣ. ಇವನ್ನು ಸಾಮಾನ್ಯ ಲ್ಯಾಬ್‌ಗಳಲ್ಲಿ ಫ್ರೀಜ್ ಮಾಡಿ ಇಡುವಂತಿಲ್ಲ. 18 ಡಿಗ್ರಿಗೆ ಸಾಗಿಸಿದರೆ ಬೆಳವಣಿಗೆ ನಿಧಾನವಾಗಿ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬಾಟಲಿ ಬದಲಿಸಿದರೆ ಸಾಕಾಗುತ್ತದೆ. ಯಾರು, ಯಾವ ತಾರೀಖಿಗೆ ಎಂದು ರ‍್ಯಾಕ್ ಮೇಲೇ ಅಂಟಿಸಿ.

ಇಲಿ. ಗಂಡು ಹೆಣ್ಣು ಬೇರ್ಪಡಿಸಿ. ಗರ್ಭಾವಧಿ ಸುಮಾರು 3 ವಾರವಾದ್ದರಿಂದ ಇವತ್ತು ಬೇರ್ಪಡಿಸಿದರೂ ರಜೆಯ ಮಧ್ಯೆ ಮರಿಗಳು ಹುಟ್ಟಬಹುದು. ಪ್ರಾಣಿಗೃಹದವರಿಗೆ ಇದನ್ನು ಬರೆದುಕೊಡದಿದ್ದರೆ ರಜೆಯ ಹತ್ತನೇ ದಿನಕ್ಕೇ ಫೋನ್ ಬರುತ್ತದೆ.

ಸ್ಯಾಂಪಲ್ ಮತ್ತು ಡೇಟಾ. ಪ್ರತಿ ಟ್ಯೂಬ್‌ಗೆ ಹೆಸರು, ತಾರೀಖು, ಡಬ್ಬಿಯ ಸ್ಥಾನ. ಡೇಟಾ ಎರಡು ಕಡೆ. ಕಂಪ್ಯೂಟರ್ ಕೆಲಸದವರು ಯಾವ ಕೋಡ್, ಯಾವ ಫೋಲ್ಡರ್, ಎಲ್ಲಿಗೆ ನಿಂತಿದೆ ಎಂದು ಅರ್ಧ ಪುಟ ಬರೆದಿಟ್ಟರೆ ಆಯಿತು.

ಕೊನೆಗೆ ಒಂದು ಪುಟದ ಪಟ್ಟಿ ಮಾಡಿ, ಪ್ರತಿ ಸಾಲಿಗೂ ಒಬ್ಬರ ಹೆಸರು ಬರೆಯಿರಿ. ‘ಲ್ಯಾಬ್‌ನವರು’ ಎಂದು ಬರೆದ ಸಾಲು ಯಾರದ್ದೂ ಅಲ್ಲ. ಅವರ ಪ್ರಯೋಗವನ್ನು ನೀವೇ ಮುಂದುವರಿಸಿ ಫಲಿತಾಂಶ ತಂದುಕೊಡಲು ಮಾತ್ರ ಹೋಗಬೇಡಿ. ಆಮೇಲೆ ಪೇಪರ್‌ನಲ್ಲಿ ಯಾರ ಹೆಸರು ಮೊದಲು ಎಂಬ ಜಗಳಕ್ಕೆ ಅದೇ ಬೀಜ.

ಹಂತ 8: ಮರಳಿ ಬಂದ ಮೇಲೆ

ಮೊದಲ ದಿನ ಲ್ಯಾಬ್ ಮೀಟಿಂಗ್ ಇಲ್ಲದ ದಿನವಾಗಿರಲಿ. ಮೊದಲ ಎರಡು ವಾರ ಅರ್ಧ ದಿನ, ರಾತ್ರಿ ಕೆಲಸ ಬೇಡ. ಕೈಕೊಟ್ಟ ಪ್ರಯೋಗದಿಂದ ಶುರು ಮಾಡಿಸಬೇಡಿ. ಬಫರ್, ಪ್ಲಾಸ್ಮಿಡ್ ಪ್ರೆಪ್, ಚಿತ್ರಗಳ ವಿಶ್ಲೇಷಣೆಯಂಥ, ಖಂಡಿತ ಮುಗಿಯುವ ಕೆಲಸ ಕೊಡಿಸಿ. ವೈದ್ಯರ ಭೇಟಿಯ ದಿನವನ್ನು ಇನ್‌ಸ್ಟ್ರುಮೆಂಟ್ ಬುಕಿಂಗ್‌ಗಿಂತ ಮೊದಲು ಕ್ಯಾಲೆಂಡರ್‌ನಲ್ಲಿ ಹಾಕಿಸಿ. ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಸ್ಲಾಟ್ ಸಿಕ್ಕಿತು ಎಂದು ಭೇಟಿ ತಪ್ಪಿಸುವುದು ಮತ್ತೆ ಜಾರುವುದರ ಮೊದಲ ಗುರುತು.

ವಾರಕ್ಕೊಮ್ಮೆ ಕಾಫಿಗೆ ಕರೆಯಿರಿ. ಪ್ರತಿ ಸಲ ‘ಮಾತ್ರೆ ತಗೊಂಡ್ಯಾ?’ ಎಂದು ಕೇಳುವ ವಾರ್ಡನ್ ಆಗಬೇಡಿ. ಇಷ್ಟರಲ್ಲಿ ನಿಮ್ಮ ನಿದ್ದೆ, ನಿಮ್ಮ ಕೆಲಸ ಹಾಳಾಗುತ್ತಿದ್ದರೆ ಇನ್ನೊಬ್ಬರನ್ನು ಸೇರಿಸಿಕೊಂಡು ಪಾಳಿ ಮಾಡಿಕೊಳ್ಳಿ. 14416 ನಿಮಗೂ ಇದೆ.

ಗೈಡೇ ಕಾರಣವಾಗಿದ್ದರೆ

ಆಗ 6ನೇ ಹಂತ ಬದಲಾಗುತ್ತದೆ. ರಜೆಯ ಪತ್ರ ವಿಭಾಗದ ಮುಖ್ಯಸ್ಥರಿಗೂ ಹೋಗಬೇಕು. ಬೈಗುಳ, ಬೆದರಿಕೆ, ತಡೆಹಿಡಿದ ಸಹಿ, ಇವುಗಳನ್ನು ತಾರೀಖು, ಸಮಯ, ಆಡಿದ ಮಾತು, ಅಲ್ಲಿದ್ದವರು ಎಂಬ ನಾಲ್ಕು ಕಾಲಂಗಳಲ್ಲಿ ಅವತ್ತೇ ಬರೆದಿಡಿ. ಸಂಸ್ಥೆಯ ಮೇಲ್ ಅಲ್ಲದ, ಸ್ವಂತ ಖಾತೆಯಲ್ಲಿ ಪ್ರತಿ ಇಡಿ. ಬಾಯಲ್ಲಿ ಹೇಳಿದ್ದನ್ನು ‘ಇವತ್ತು ತಾವು ಹೇಳಿದಂತೆ...’ ಎಂದು ಮೇಲ್‌ನಲ್ಲಿ ದೃಢಪಡಿಸಿಕೊಳ್ಳಿ.

ದಾರಿಗಳು ಹೀಗಿವೆ: ಪ್ರತಿ ಸೆಮಿಸ್ಟರ್ ಪ್ರಗತಿ ನೋಡುವ ಸಂಶೋಧನಾ ಸಲಹಾ ಸಮಿತಿಯಲ್ಲಿ ಗೈಡ್ ಅಲ್ಲದ ಸದಸ್ಯರೊಬ್ಬರು, ಯುಜಿಸಿಯ 2023ರ ನಿಯಮದಡಿ ಇರಬೇಕಾದ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ, ಅದರ ಮೇಲೆ ಓಂಬುಡ್ಸ್‌ಪರ್ಸನ್, ಮಹಿಳೆಯರಿಗೆ ಲೈಂಗಿಕ ಕಿರುಕುಳವಾಗಿದ್ದರೆ ಆಂತರಿಕ ದೂರು ಸಮಿತಿ, ಜಾತಿ ನಿಂದನೆಯಾದರೆ ಪರಿಶಿಷ್ಟ ಜಾತಿ, ಪಂಗಡಗಳ ಘಟಕ. ಗೈಡ್ ಬದಲಾವಣೆ ಕೇಳುವುದಾದರೆ, ದೂರು ಕೊಡುವ ಮೊದಲೇ ಒಪ್ಪಿಕೊಳ್ಳಬಲ್ಲ ಇನ್ನೊಬ್ಬ ಅಧ್ಯಾಪಕರ ಜೊತೆ ಮಾತಾಡಿಟ್ಟುಕೊಳ್ಳಿ. ಯುಜಿಸಿ ನಿಯಮದಲ್ಲಿ ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ವಿದ್ಯಾರ್ಥಿಗಳ ಮಿತಿ ಇದೆ. ಜಾಗ ಖಾಲಿ ಇದೆಯೇ ಎಂದು ಕೇಳದೆ ಅರ್ಜಿ ಹಾಕಿದರೆ ಅದು ತಿಂಗಳುಗಟ್ಟಲೆ ಕಚೇರಿಯಲ್ಲೇ ಕೂರುತ್ತದೆ, ಆ ತಿಂಗಳುಗಳನ್ನು ಅದೇ ಲ್ಯಾಬ್‌ನಲ್ಲಿ ಕಳೆಯಬೇಕಾಗುತ್ತದೆ.